ತಣ್ಣೀರುಬಾವಿಯಿಂದ ಸೋಮೇಶ್ವರಕ್ಕೆ: ಅಕ್ಟೋಬರಿನ ಒಂದು ದಿನ, ಅಳಿವೆಯ ಹಕ್ಕಿಗಳು

ಪ್ರಶ್ನೆ: ಕೆಲಸದ ನಿಮಿತ್ತ ಹಾಸನದಿಂದ ಮಂಗಳೂರಿಗೆ ಬಂದು ಆರು ತಿಂಗಳಾಯಿತು. ಊರಿನ ಕೆರೆಗಳಲ್ಲಿ ಹಕ್ಕಿ ನೋಡಿ ಅಭ್ಯಾಸವಿದೆ. ಕಳೆದ ಭಾನುವಾರ, ಹುಣ್ಣಿಮೆ ಕಳೆದು ಎರಡನೆಯ ದಿನ, ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ತಣ್ಣೀರುಬಾವಿ ತೀರದಲ್ಲಿ ನಡೆದೆ. ಕಾಗೆ, ಹದ್ದು, ದೂರದಲ್ಲಿ ಎಲ್ಲವೂ ಒಂದೇ ಥರ ಕಾಣುವ ಒಂದಷ್ಟು ಸಣ್ಣ ಕಂದು ಹಕ್ಕಿಗಳು, ಅಷ್ಟೇ ಸಿಕ್ಕಿದ್ದು. ಇಡೀ ಒಂದು ದಿನ ಬಿಡುವು ಮಾಡಿಕೊಂಡರೆ ಎಲ್ಲಿಂದ ಎಲ್ಲಿಗೆ ಹೋಗಬೇಕು? ಆ ಸಣ್ಣ ಹಕ್ಕಿಗಳನ್ನು ಗುರುತಿಸುವುದು ಹೇಗೆ? ನನ್ನಲ್ಲಿ ಒಂದು ಹಳೆಯ ಬೈನಾಕ್ಯುಲರ್ ಮಾತ್ರ ಇದೆ, ಟೆಲಿಸ್ಕೋಪ್ ಇಲ್ಲದೆ ಆಗುತ್ತದೆಯೇ?

ಉತ್ತರ: ಜಾಗ ಸರಿಯಾಗಿಯೇ ಆರಿಸಿದ್ದೀರಿ, ತಪ್ಪಿದ್ದು ಹೊತ್ತು. ಕೆರೆಯ ಹಕ್ಕಿಗಳಿಗೆ ಸೂರ್ಯನೇ ಗಡಿಯಾರ. ಬೆಳಿಗ್ಗೆ ಬೇಗ ಹೋದರೆ ಸಿಗುತ್ತವೆ, ಬಿಸಿಲೇರಿದರೆ ಸುಮ್ಮನಾಗುತ್ತವೆ. ನದಿ ಕಡಲು ಸೇರುವ ಅಳಿವೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿನ ಹಕ್ಕಿಗಳ ಊಟ ಇರುವುದು ನೀರು ಇಳಿದಾಗ ತೆರೆದುಕೊಳ್ಳುವ ಕೆಸರಿನಲ್ಲಿ, ಒದ್ದೆ ಮರಳಿನಲ್ಲಿ. ನೀರು ಇಳಿದರೆ ಹಗಲಾಗಲಿ ರಾತ್ರಿಯಾಗಲಿ ಉಣ್ಣುತ್ತವೆ, ಏರಿದರೆ ಎಲ್ಲಾದರೂ ಒಣ ಜಾಗ ಹುಡುಕಿ ಒಟ್ಟಾಗಿ ನಿಲ್ಲುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ನಮ್ಮ ಕರಾವಳಿಯಲ್ಲಿ ಹೆಚ್ಚುಕಡಿಮೆ ಬೆಳಗಿನ ಐದಾರು ಗಂಟೆಗೆ ನೀರು ತಳ ಮುಟ್ಟಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ತುಂಬಿರುತ್ತದೆ. ನೀವು ನಡೆದ ಎರಡು ಗಂಟೆಯೂ ಉಬ್ಬರವೇ. ಉಣ್ಣುವ ಜಾಗವೆಲ್ಲ ಆಗಲೇ ನೀರಿನಡಿ ಸೇರಿತ್ತು. ನಿಮಗೆ ಕಂಡ ಸಣ್ಣ ಹಕ್ಕಿಗಳು ಉಳಿದಿದ್ದ ಕಿರಿದಾದ ಮರಳಿನಲ್ಲಿ ನೀರು ಇಳಿಯಲೆಂದು ಕಾಯುತ್ತಿದ್ದವು.

ಆದ್ದರಿಂದ ಬೈನಾಕ್ಯುಲರ್‌ಗಿಂತ ಮೊದಲು ಪಂಚಾಂಗ ತೆಗೆಯಿರಿ. ಉಬ್ಬರ ಇಳಿತಗಳು ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತವೆ. ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುಗಿ, ಮುಂಜಾನೆ ಸಂಜೆ ಉಬ್ಬರ, ನಡು ಹಗಲು ಇಳಿತ. ಆಗ ಏರಿಳಿತದ ಅಂತರವೂ ಕಡಿಮೆ, ಹೊಸ ಕೆಸರು ತೆರೆಯುವುದೂ ಕಡಿಮೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಮಂಗಳೂರಿನಲ್ಲಿ ನೀರು ಸುಮಾರು ಒಂದೂವರೆ ಮೀಟರ್ ಏರಿಳಿಯುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಗೆ ಹೋಲಿಸಿದರೆ ಇದು ಏನೂ ಅಲ್ಲ, ಆದರೆ ನಮ್ಮ ಸಮತಟ್ಟಾದ ಮರಳ ದಿಬ್ಬಗಳ ಮೇಲೆ ಅಷ್ಟೇ ನೀರು ಎಕರೆಗಟ್ಟಲೆ ನೆಲವನ್ನು ಮುಚ್ಚಿ ತೆರೆಯುತ್ತದೆ. ಆ ದಿನದ ಸರಿಯಾದ ಸಮಯವನ್ನು ಮೊಬೈಲಿನಲ್ಲೇ ನೋಡಬಹುದು. ತಿಥಿಯಿಂದ ಮೊದಲೇ ಅಂದಾಜು ಮಾಡಿಕೊಳ್ಳುವುದನ್ನು ಕಲಿತರೆ ತಿಂಗಳ ಮೊದಲೇ ರಜೆ ಹಾಕಬಹುದು.

ಇನ್ನು ದಿನದ ನಡಿಗೆ. ಹುಣ್ಣಿಮೆಗೋ ಅಮಾವಾಸ್ಯೆಗೋ ಹತ್ತಿರದ ಒಂದು ದಿನ ಎಂದಿಟ್ಟುಕೊಂಡು ಹೇಳುತ್ತೇನೆ.

ಬೆಳಕು ಹರಿಯುವ ಮೊದಲೇ ಬೋಳೂರಿನ ಸುಲ್ತಾನ್ ಬತ್ತೇರಿಗೆ ಬನ್ನಿ. ಟಿಪ್ಪುವಿನ ಕಾಲದ ಆ ಕಪ್ಪು ಕಲ್ಲಿನ ಕಾವಲು ಗೋಪುರದ ಕೆಳಗೇ ಗುರುಪುರ ನದಿ, ಜನರ ಬಾಯಲ್ಲಿ ಫಲ್ಗುಣಿ, ಸಮುದ್ರಕ್ಕೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿಯುತ್ತದೆ. ಆಚೆ ದಡದಲ್ಲಿ ತಣ್ಣೀರುಬಾವಿ, ಅದರಾಚೆ ಸಮುದ್ರ. ದೋಣಿ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ಆದರೆ ಬಂದ ಮೊದಲ ದೋಣಿಗೇ ಹಾರಿ ಕೂರಬೇಡಿ. ಸೂರ್ಯ ಬೆನ್ನ ಹಿಂದೆ ಇರುವ ಈ ಒಂದು ಗಂಟೆ ನದಿಯನ್ನು ನೋಡಲು ದಿನದಲ್ಲೇ ಒಳ್ಳೆಯ ಹೊತ್ತು. ಆಚೆ ದಡಕ್ಕೆ ದಾಟಿದ ಮೇಲೆ ನದಿಯತ್ತ ತಿರುಗಿದರೆ ಬೆಳಕು ಕಣ್ಣಿಗೇ ಹೊಡೆಯುತ್ತದೆ, ಹಕ್ಕಿಗಳೆಲ್ಲ ಕರಿ ನೆರಳಾಗುತ್ತವೆ. ನವರಾತ್ರಿಯ ದಿನಗಳಾದರೆ ಹುಲಿವೇಷದ ತಾಸೆಯ ಪೆಟ್ಟು ನೀರಿನ ಮೇಲೆ ಹಾಯ್ದು ಬರುತ್ತದೆ. ಹಕ್ಕಿಗಳು ಅದಕ್ಕೆ ಹೆದರಿದ್ದನ್ನು ನಾನು ನೋಡಿಲ್ಲ. ಅವು ಹೆದರುವುದು ತಮ್ಮತ್ತ ನೇರವಾಗಿ ನಡೆದುಬರುವ ಮನುಷ್ಯನಿಗೆ, ನಾಯಿಗೆ.

ನೀರಿನಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ನಿಧಾನವಾಗಿ ನೋಡುತ್ತ ಹೋಗಿ. ಹೆಮ್ಮಿಂಚುಳ್ಳಿ ಇರುತ್ತದೆ, ಅದರ ಕೆಂಪು ಕೊಕ್ಕು ಮೊದಲು ಕಾಣುತ್ತದೆ. ಅಕ್ಟೋಬರಿನಲ್ಲಿ ಕಪ್ಪು ತಲೆಯ ಮಿಂಚುಳ್ಳಿಯೂ ಬಂದಿರಬಹುದು. ನೇರಳೆ ಮಿಶ್ರಿತ ನೀಲಿ ಬೆನ್ನು, ಬಿಳಿ ಕೊರಳಪಟ್ಟಿ, ಕಿತ್ತಳೆ ಹೊಟ್ಟೆ. ಕಾಂಡ್ಲಾ ಇದ್ದಲ್ಲಿ ಮಾತ್ರ ಅದು ಹೆಚ್ಚಾಗಿ ನಿಲ್ಲುತ್ತದೆ, ಮತ್ತು ಜಗತ್ತಿನಲ್ಲೇ ಕಡಿಮೆಯಾಗುತ್ತಿದೆ. ಕಂಡರೆ ತಪ್ಪದೆ ಬರೆದಿಟ್ಟುಕೊಳ್ಳಿ.

ಬಲೆ ಕಟ್ಟುವ ಗೂಟಗಳ ಮೇಲೆ ಸುಮ್ಮನೆ ಕುಳಿತ ದೊಡ್ಡ ಹಕ್ಕಿ ಕಂಡರೆ ಗರುಡ ಎಂದು ಮುಂದೆ ಹೋಗಬೇಡಿ. ಕಣ್ಣಿನಿಂದ ಕುತ್ತಿಗೆಯವರೆಗೆ ಕಪ್ಪು ಪಟ್ಟಿ ಇದ್ದರೆ ಅದು ಆಸ್ಪ್ರೇ, ನಮ್ಮ ಮೀನುಗಿಡುಗ. ಚಳಿಗಾಲಕ್ಕೆಂದು ಉತ್ತರದಿಂದ ಬಂದು ಮಾರ್ಚ್‌ವರೆಗೆ ಇರುತ್ತದೆ. ಅದು ಮೀನು ಹಿಡಿಯುವುದನ್ನು ಒಮ್ಮೆ ಪೂರ್ತಿ ನೋಡಿ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿದು ನಿಂತು, ಕಾಲು ಮುಂದೆ ಚಾಚಿ ನೀರಿಗೆ ಬೀಳುತ್ತದೆ. ಎದ್ದು ಮೈ ಕೊಡವಿಕೊಂಡು, ಹಿಡಿದ ಮೀನಿನ ತಲೆ ಮುಂದೆ ಬರುವಂತೆ ಹಾರುತ್ತಲೇ ತಿರುಗಿಸಿಕೊಳ್ಳುತ್ತದೆ, ಗಾಳಿ ಸೀಳಿ ಹೋಗಲು. ಅದರ ಹೊರಬೆರಳು ಹಿಂದಕ್ಕೂ ತಿರುಗುತ್ತದೆ, ಅಂಗಾಲಿನಲ್ಲಿ ಮುಳ್ಳಿನಂಥ ಒರಟು ಇದೆ. ಆದ್ದರಿಂದಲೇ ಜಾರುವ ಮೀನು ಹಿಡಿತ ತಪ್ಪುವುದಿಲ್ಲ.

ಏಳರ ಸುಮಾರಿಗೆ ದಾಟಿ ಬಿಡಿ. ತಣ್ಣೀರುಬಾವಿಯಿಂದ ದಕ್ಷಿಣಕ್ಕೆ ಬೆಂಗರೆಯ ತುದಿಯವರೆಗೆ ನಾಲ್ಕೈದು ಕಿಲೋಮೀಟರ್, ಎಡಕ್ಕೆ ನದಿ, ಬಲಕ್ಕೆ ಕಡಲು, ನಡುವೆ ಮರಳಿನ ನಾಲಿಗೆ. ಸಮುದ್ರದ ಕಡೆಯಿಂದಲೇ ನಡೆಯಿರಿ, ಬೆಳಕು ಹಿಂದಿನಿಂದ ಬೀಳುತ್ತದೆ. ದಡದಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ, ಕೈರಂಪಣಿ, ಎಳೆಯುತ್ತಿದ್ದರೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ. ಬಲೆ ದಡಕ್ಕೆ ಬರುವಾಗ ಗರುಡ, ಹದ್ದು, ಬೆಳ್ಳಕ್ಕಿ, ರೀವಗಳು (ಟರ್ನ್) ಒಂದೇ ಕಡೆ ಸೇರುತ್ತವೆ, ಹಾರುವ ಬಗೆಗಳನ್ನು ಹೋಲಿಸಿ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಗರುಡ, ಹದ್ದುಗಳ ನಡುವೆ ರೆಕ್ಕೆಯನ್ನು ಮೇಲಕ್ಕೆ ಎತ್ತಿ ಹಿಡಿದು ಅಗಲವಾದ ಬೂದು ಬಿಳಿ ಹಕ್ಕಿ ತೇಲಿದರೆ ಅದು ಬಿಳಿ ಹೊಟ್ಟೆಯ ಕಡಲ ಹದ್ದು. ವಲಸೆ ಬಂದದ್ದಲ್ಲ, ಈ ಕರಾವಳಿಯದೇ.

ಈಗ ನಿಮ್ಮ ಸಣ್ಣ ಕಂದು ಹಕ್ಕಿಗಳ ವಿಷಯ. ಇಲ್ಲೇ ನಾನು ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಎಲ್ಲರೂ ಕೈಚೆಲ್ಲುವುದು ಇಲ್ಲೇ. ಪುಸ್ತಕ ತೆರೆದು ಬಣ್ಣ ಹೋಲಿಸಲು ಹೊರಟರೆ ಅಕ್ಟೋಬರಿನಲ್ಲಿ ಸೋಲುವುದು ಖಂಡಿತ. ಬೇಸಿಗೆಯ ಕೆಂಪು, ಕಪ್ಪು ಬಣ್ಣಗಳೆಲ್ಲ ಉದುರಿ ಬೂದುಗರಿ ಬಂದಿರುತ್ತದೆ. ಬಣ್ಣ ಬಿಡಿ, ನಡಿಗೆ ನೋಡಿ.

ನೀರಿನಂಚಿನಿಂದ ಮೂವತ್ತು ನಲವತ್ತು ಹೆಜ್ಜೆ ದೂರ ಕುಳಿತುಕೊಳ್ಳಿ. ನಿಂತರೆ ಆಗದು, ಕುಳಿತುಕೊಳ್ಳಬೇಕು. ಹತ್ತು ನಿಮಿಷದಲ್ಲಿ ನಿಮ್ಮನ್ನು ಮರೆಯುತ್ತವೆ. ಒಂದು ಹಕ್ಕಿ ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ತಲೆ ಓರೆ ಮಾಡಿ ನೋಡುತ್ತದೆ, ಒಮ್ಮೆ ಕುಕ್ಕುತ್ತದೆ, ಮತ್ತೆ ಓಟ. ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಇದು ಪ್ಲೋವರ್, ಕಣ್ಣಿನಿಂದ ಬೇಟೆಯಾಡುವ ಜಾತಿ. ಇನ್ನೊಂದು ತಲೆಯನ್ನೇ ಎತ್ತುವುದಿಲ್ಲ. ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕನ್ನು ಕೆಸರಿಗೆ ಚುಚ್ಚುತ್ತ ಮುಂದೆ ಸಾಗುತ್ತದೆ. ಇದು ಸ್ಯಾಂಡ್‌ಪೈಪರ್ ಅಥವಾ ಸ್ಟಿಂಟ್, ಕೊಕ್ಕಿನ ತುದಿಯ ಸ್ಪರ್ಶದಿಂದ ಹುಳು ಹುಡುಕುವ ಜಾತಿ. ಈ ಒಂದು ವ್ಯತ್ಯಾಸ ಕಣ್ಣಿಗೆ ಹತ್ತಿದರೆ ಅರ್ಧ ಗುಂಪು ವಿಂಗಡವಾದ ಹಾಗೆ.

ಪ್ಲೋವರ್‌ಗಳಲ್ಲಿ ಹಿಂಗುತ್ತಿಗೆ ನೋಡಿ. ಕೊರಳ ಸುತ್ತ ಬಿಳಿ ಪಟ್ಟಿ ಹಿಂದಿನಿಂದಲೂ ಸುತ್ತಿ ಬಂದಿದ್ದರೆ ಕೆಂಟಿಶ್ ಪ್ಲೋವರ್. ಹಿಂಗುತ್ತಿಗೆ ಬೆನ್ನಿನಷ್ಟೇ ಕಂದಾಗಿದ್ದರೆ ಸ್ಯಾಂಡ್ ಪ್ಲೋವರ್, ಅಳಿವೆಯಲ್ಲಿ ಅತಿ ಹೆಚ್ಚು ಸಿಗುವುದು ಇದೇ. ನಿಮ್ಮ ಹಳೆಯ ಪುಸ್ತಕದಲ್ಲಿ ಲೆಸ್ಸರ್ ಸ್ಯಾಂಡ್ ಪ್ಲೋವರ್ ಎಂದಿದ್ದರೆ, ಮೊಬೈಲ್ ಆ್ಯಪ್ ಟಿಬೆಟನ್ ಸ್ಯಾಂಡ್ ಪ್ಲೋವರ್ ಎನ್ನುತ್ತದೆ. ಗಾಬರಿ ಬೇಡ, ಒಂದಾಗಿದ್ದ ಜಾತಿಯನ್ನು ಈಚೆಗೆ ಎರಡು ಮಾಡಿದ್ದಾರೆ. ನಮ್ಮ ಕರಾವಳಿಗೆ ಬರುವವು ಟಿಬೆಟನ್. ಲಡಾಖ್, ಟಿಬೆಟ್ಟಿನ ಎತ್ತರದ ಬಯಲಿನಲ್ಲಿ ಮರಿ ಮಾಡಿ, ಹಿಮ ಬೀಳುವ ಮೊದಲು ಇಳಿದು ಬೆಂಗರೆಯ ಮರಳಿಗೆ ಬರುತ್ತವೆ. ಬೆನ್ನಿನ ಗರಿಗಳಿಗೆ ತಿಳಿಯಾದ ಅಂಚಿದ್ದು ಮೀನಿನ ಹುರುಪೆಯಂತೆ ಕಂಡರೆ ಅದು ಈ ವರ್ಷವೇ ಹುಟ್ಟಿದ ಮರಿ. ತೂಕ ಅರವತ್ತು ಗ್ರಾಂ ಆಸುಪಾಸು, ದಾರಿ ಮೊದಲು ಕಂಡದ್ದಿಲ್ಲ.

ಒಂದು ಪ್ಲೋವರನ್ನು ಹತ್ತಿರದಿಂದ ಗಮನಿಸಲು ಅವಕಾಶ ಸಿಕ್ಕರೆ ಅದರ ಕಾಲನ್ನೇ ನೋಡಿ. ತೆಳುವಾಗಿ ನೀರು ನಿಂತ ಕೆಸರಿನ ಮೇಲೆ ಒಂದು ಕಾಲನ್ನು ಸ್ವಲ್ಪ ಮುಂದೆ ಇಟ್ಟು, ಚಳಿ ಹಿಡಿದವರಂತೆ ನಡುಗಿಸುತ್ತದೆ. ಬೆರಳುಗಳ ಸುತ್ತ ನೀರು ಸಣ್ಣಗೆ ಪುಟಿಯುತ್ತದೆ. ಕೆಳಗಿನ ಹುಳು ಅಲುಗುತ್ತದೆ, ಅಲುಗಿದ್ದು ಅದರ ಕಣ್ಣಿಗೆ ಬೀಳುತ್ತದೆ. ಇದನ್ನು ಮೊದಲ ಸಲ ನೋಡಿದ ದಿನ ನಾನು ಎರಡು ಗಂಟೆ ಆ ಜಾಗ ಬಿಟ್ಟು ಏಳಲಿಲ್ಲ.

ಚುಚ್ಚುವ ಗುಂಪಿನಲ್ಲಿ ಎಲ್ಲಕ್ಕಿಂತ ಚಿಕ್ಕದು ಲಿಟ್ಲ್ ಸ್ಟಿಂಟ್, ಇಪ್ಪತ್ತು ಮೂವತ್ತು ಗ್ರಾಂ. ಅದಕ್ಕಿಂತ ದೊಡ್ಡದಾಗಿ, ಉದ್ದ ಕೊಕ್ಕು ತುದಿಯತ್ತ ನಯವಾಗಿ ಕೆಳಗೆ ಬಾಗಿ, ಹಾರುವಾಗ ಬಾಲದ ಬುಡ ಬಿಳಿಯಾಗಿ ಹೊಳೆದರೆ ಕರ್ಲ್ಯೂ ಸ್ಯಾಂಡ್‌ಪೈಪರ್. ಸೈಬೀರಿಯಾದ ಉತ್ತರದಂಚಿನ ಹಕ್ಕಿ ಇದು. ಅಲ್ಲಿ ಗಂಡು ಕಾವಿಗೆ ಕೂರುವುದಿಲ್ಲ, ಜುಲೈ ಹೊತ್ತಿಗೇ ಹೊರಟುಬಿಡುತ್ತದೆ. ಮರಿಗಳನ್ನು ಬೆಳೆಸಿ ಹೆಣ್ಣು ಹೊರಡುತ್ತದೆ, ಕೊನೆಗೆ ಮರಿಗಳು ತಮ್ಮಷ್ಟಕ್ಕೆ. ಅಕ್ಟೋಬರಿನಲ್ಲಿ ನೀವು ನೋಡುವ ಗುಂಪಿನಲ್ಲಿ ಈ ಮರಿಗಳ ಪಾಲು ದೊಡ್ಡದು. 2024ರಲ್ಲಿ ಈ ಜಾತಿಯನ್ನೂ ಗ್ರೇ ಪ್ಲೋವರನ್ನೂ ಅಳಿವಿನ ಭಯವಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ (ವಲ್ನರಬಲ್) ವರ್ಗಕ್ಕೆ ಏರಿಸಿದರು. ಇಂದಿಗೂ ಊರ ಬಾಗಿಲಿನಲ್ಲೇ ಸಿಗುವ ಹಕ್ಕಿಗಳು ಇವು, ನನಗೆ ನೋವಾಗುವುದು ಅದಕ್ಕೇ.

ಇನ್ನು ಮೂರನ್ನು ಓಟದಲ್ಲೇ ಹೇಳಿಬಿಡಬಹುದು. ಅಲೆ ಹಿಂದೆ ಸರಿದಾಗ ಅದರ ಬೆನ್ನಟ್ಟಿ ಓಡಿ, ಮುಂದೆ ಬಂದಾಗ ಓಡಿ ಬರುವುದು ಸ್ಯಾಂಡರ್ಲಿಂಗ್. ಕೊಕ್ಕು ಮೇಲಕ್ಕೆ ಬಾಗಿ, ಗಿಡ್ಡ ಹಳದಿ ಕಿತ್ತಳೆ ಕಾಲಿನಲ್ಲಿ ಹುಚ್ಚೆದ್ದಂತೆ ಏಡಿಗಳ ಹಿಂದೆ ಓಡುವುದು ಟೆರೆಕ್ ಸ್ಯಾಂಡ್‌ಪೈಪರ್. ಕಲ್ಲಿನ ಮೇಲೆ ಒಂಟಿಯಾಗಿ ನಿಂತು ಬಾಲವನ್ನು ಎತ್ತಿ ಇಳಿಸುವುದು ಕಾಮನ್ ಸ್ಯಾಂಡ್‌ಪೈಪರ್. ಹಾಸನದ ಕೆರೆಯಂಚಿನಲ್ಲಿ ಅದನ್ನು ನೀವು ಆಗಲೇ ನೋಡಿರುತ್ತೀರಿ.

ಹತ್ತು ಗಂಟೆಯ ಹೊತ್ತಿಗೆ ಬೆಂಗರೆಯ ತುದಿ ತಲುಪಿರಬೇಕು. ಎದುರಿಗೆ ಅಳಿವೆ ಬಾಗಿಲು, ನೇತ್ರಾವತಿ ಮತ್ತು ಫಲ್ಗುಣಿ ಒಟ್ಟಿಗೆ ಕಡಲು ಸೇರುವ ಜಾಗ, ಆಚೆ ಉಳ್ಳಾಲದ ಕೋಟೆಪುರ. ನೀರು ಏರುತ್ತಿದ್ದಂತೆ ನದಿಯೊಳಗಿನ ದಿಬ್ಬಗಳು ಒಂದೊಂದಾಗಿ ಮುಳುಗುತ್ತವೆ. ಅಲ್ಲಿದ್ದ ಹಕ್ಕಿಗಳೆಲ್ಲ ಗುಂಪು ಗುಂಪಾಗಿ ಎದ್ದು, ಇನ್ನೂ ಒಣಗಿರುವ ಮರಳಿಗೆ ಬಂದು ಇಳಿಯುತ್ತವೆ. ಮುಂದೆ ಹೋಗಿ ಹುಡುಕಬೇಡಿ. ನೀವು ಕೂತಲ್ಲಿಗೇ ನೀರು ಅವುಗಳನ್ನು ತಂದು ಕೊಡುತ್ತದೆ. ರೀವಗಳ ಸಾಲಿನಲ್ಲಿ ಕೊಕ್ಕಿನ ಬಣ್ಣ ಓದಿ: ಕಿತ್ತಳೆಯಾದರೆ ಲೆಸ್ಸರ್ ಕ್ರೆಸ್ಟೆಡ್, ಹಸಿರು ಮಿಶ್ರಿತ ಹಳದಿಯಾದರೆ ಗ್ರೇಟರ್ ಕ್ರೆಸ್ಟೆಡ್, ಕಪ್ಪು ಕೊಕ್ಕಿಗೆ ಹಳದಿ ತುದಿಯಿದ್ದರೆ ಸ್ಯಾಂಡ್‌ವಿಚ್ ಟರ್ನ್, ದಪ್ಪಗೆ ಪೂರ್ತಿ ಕಪ್ಪಾದರೆ ಗಲ್ ಬಿಲ್ಡ್. ಲಡಾಖಿನ ಸರೋವರಗಳಲ್ಲೂ ಮರಿ ಮಾಡುವ ಕಂದು ತಲೆಯ ಕಡಲಕ್ಕಿಗಳು (ಗಲ್) ಈಗಷ್ಟೇ ಬರಲು ಶುರು. ನವೆಂಬರ್ ಕಳೆಯುವಷ್ಟರಲ್ಲಿ ಸಂಖ್ಯೆ ಏರುತ್ತದೆ. ಇಲ್ಲಿ ಬರುವಾಗ ಅವುಗಳ ತಲೆ ಕಂದಾಗಿರುವುದಿಲ್ಲ, ಕಿವಿಯ ಬಳಿ ಒಂದು ಕಪ್ಪು ಚುಕ್ಕೆ ಮಾತ್ರ. ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಕನ್ನಡಿಯಂಥ ಗುರುತನ್ನು ಹುಡುಕಿ.

ಈ ವಿಶ್ರಾಂತಿಯ ಹೊತ್ತಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ನಾನು ಹಕ್ಕಿ ನೋಡಲು ಶುರು ಮಾಡಿದ ಮೊದಲ ವರ್ಷ, ಒಳ್ಳೆಯ ಚಿತ್ರ ಬೇಕೆಂದು ಇಂಥದೇ ಗುಂಪಿನತ್ತ ನಡೆದೆ. ಇನ್ನೂರಕ್ಕೂ ಹೆಚ್ಚು ಹಕ್ಕಿಗಳು ಎದ್ದವು. ಇಳಿಯಲು ಬೇರೆ ಒಣ ಜಾಗ ಇರಲಿಲ್ಲ. ಅಳಿವೆಯ ಮೇಲೆ ಸುತ್ತಿದವು, ಕಡಲಿನತ್ತ ಹೋದವು, ಮತ್ತೆ ಬಂದವು. ದಡದಲ್ಲಿ ಮರುವಾಯಿ (ಚಿಪ್ಪುಮೀನು) ಬುಟ್ಟಿ ಇಳಿಸುತ್ತಿದ್ದ ಅಕ್ಕ ಒಬ್ಬರು ನನ್ನನ್ನು ಕರೆದು, "ಅವು ಈಗಷ್ಟೇ ಕೂತದ್ದು, ನೀರು ಇಳಿಯುವವರೆಗೆ ಬಿಟ್ಟುಬಿಡಿ" ಎಂದರು. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ಉಂಡದ್ದನ್ನು ಉಳಿಸಿಕೊಳ್ಳುವ ಹೊತ್ತು ಅದು. ಅವತ್ತಿನಿಂದ ನನ್ನ ನಿಯಮ ಒಂದೇ: ಮಲಗಿದ್ದ ತಲೆಗಳು ಮೇಲೆದ್ದರೆ ಅಲ್ಲೇ ನಿಲ್ಲುತ್ತೇನೆ, ನಡೆಯಲು ಶುರು ಮಾಡಿದರೆ ಹಿಂದೆ ಸರಿಯುತ್ತೇನೆ. ಅಂದಹಾಗೆ, ನದಿಯಲ್ಲಿ ಯಾವ ದಿಬ್ಬ ಮೊದಲು ತೆರೆಯುತ್ತದೆ, ಎಲ್ಲಿ ಕಾಲು ಹೂಳುತ್ತದೆ ಎಂದು ಮರುವಾಯಿ ಹೆಕ್ಕುವವರಷ್ಟು ಚೆನ್ನಾಗಿ ತಿಳಿದವರಿಲ್ಲ. ಕೇಳಿ, ಹೇಳುತ್ತಾರೆ.

ಗುಂಪಿನ ಯಾವುದಾದರೂ ಹಕ್ಕಿಯ ಕಾಲಿನಲ್ಲಿ ಬಣ್ಣದ ಪಟ್ಟಿ ಕಂಡರೆ ಯಾವ ಕಾಲು, ಮೊಣಕಾಲಿನ ಮೇಲೋ ಕೆಳಗೋ, ಯಾವ ಬಣ್ಣ, ಅಕ್ಷರವಿದ್ದರೆ ಏನು ಎಂದು ಬರೆದುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಆ ಹಕ್ಕಿಯ ದಾರಿಯ ಒಂದು ತುಂಡು ನಿಮ್ಮಿಂದ ಸಿಕ್ಕಂತಾಗುತ್ತದೆ.

ಮಧ್ಯಾಹ್ನ ಕಸಬಾ ಬೆಂಗರೆಯಿಂದ ದೋಣಿಯಲ್ಲಿ ಬಂದರಿಗೆ ದಾಟಿ, ಧಕ್ಕೆಯ ಹತ್ತಿರ ಊಟ ಮಾಡಿ. ಮೀನು ಇಳಿಸುವ ಜಾಗದಲ್ಲಿ ಗರುಡಗಳು ತಲೆಯ ಮೇಲೇ ಹಾರುತ್ತವೆ. ಕೆಲಸದವರ ದಾರಿಗೆ ಅಡ್ಡ ನಿಲ್ಲದೆ ನೋಡಿ, ಕೋಸ್ಟ್ ಗಾರ್ಡ್ ಮತ್ತು ಬಂದರಿನ ನಿರ್ಬಂಧಿತ ಜಾಗಗಳತ್ತ ಕ್ಯಾಮೆರಾ ತಿರುಗಿಸಬೇಡಿ.

ಮೂರು ಗಂಟೆಯ ಹೊತ್ತಿಗೆ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಉಳ್ಳಾಲದ ಸಿಟಿ ಬಸ್ಸು ಹಿಡಿಯಿರಿ. ಚಿತ್ತಾ, ಸ್ವಾತಿ ಮಳೆಗಳ ಕಾಲ, ಸಂಜೆ ಗುಡುಗು ಸಿಡಿಲು ಸಾಮಾನ್ಯ. ಮರಳ ತುದಿಯಲ್ಲಿ ಬಯಲಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ. ಈಗ ನೀರು ಇಳಿಯುತ್ತಿದೆ, ಸೂರ್ಯ ಪಶ್ಚಿಮಕ್ಕೆ ವಾಲಿದೆ, ಕೋಟೆಪುರದ ಕಡೆಯಿಂದ ನದಿಯತ್ತ ನೋಡಲು ಬೆಳಕು ಸರಿಯಾಗಿದೆ. ನೇತ್ರಾವತಿಯ ಕುದ್ರುಗಳ, ಅಂದರೆ ನದಿ ನಡುವಿನ ದ್ವೀಪಗಳ, ಅಂಚಿನಲ್ಲಿ ಕೆಸರು ತೆರೆಯುತ್ತಿದ್ದಂತೆ ಬೆಳಿಗ್ಗೆಯ ಹಕ್ಕಿಗಳೇ ಮತ್ತೆ ಕಾಣುತ್ತವೆ, ಜೊತೆಗೆ ದೊಡ್ಡವು. ವಿಂಬ್ರೆಲ್ ಸಿಕ್ಕರೆ ಬಿಡಬೇಡಿ. ಕೋಳಿಗಿಂತ ಸಣ್ಣ ಮೈ, ಕುಡುಗೋಲಿನಂಥ ಕೊಕ್ಕು, ತಲೆಯ ಮೇಲೆ ಕಪ್ಪು ಬಿಳಿ ಗೆರೆ. ಬಿಲದಿಂದ ಏಡಿಯನ್ನು ಎಳೆದು, ಕಾಲು ಉದುರುವವರೆಗೆ ಕೊಡವಿ, ನುಂಗುವುದನ್ನು ನೋಡಬಹುದು.

ಉಳ್ಳಾಲದ ತೀರದಲ್ಲಿ ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ತಡೆಗೋಡೆಗಳಿವೆ. ಗೋಡೆ ಬಂದಲ್ಲಿ ಮರಳು ಕಿರಿದಾಗಿ, ಮರಳನ್ನೇ ನೆಚ್ಚಿದ ಪ್ಲೋವರ್‌ಗಳು ನಿಲ್ಲುವುದಿಲ್ಲ. ಮನೆ ಕಳೆದುಕೊಂಡವರ ಸಂಕಟ ಕಣ್ಣೆದುರಿಗೇ ಇರುವಾಗ ಗೋಡೆ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಉಳಿದಿರುವ ಬೆಂಗರೆ, ಕೋಟೆಪುರದ ಮರಳ ತುದಿಗಳ ಬೆಲೆ ಇದರಿಂದ ಇನ್ನೂ ಹೆಚ್ಚಾಗಿದೆ. ಆದ್ದರಿಂದ ನೋಡಿದ್ದನ್ನು ಎಣಿಸಿ, ಹಕ್ಕಿ ನೋಡುವವರು ಪಟ್ಟಿ ಹಾಕುವ ಜಾಲತಾಣ ಈಬರ್ಡ್‌ನಲ್ಲಿ ದಾಖಲಿಸಿ. ಏನೂ ಇಲ್ಲದ ದಿನದ ಪಟ್ಟಿಯನ್ನೂ ಹಾಕಿ.

ಕೊನೆಗೆ ಸೋಮೇಶ್ವರದ ಬಂಡೆಗಳು. ಬೂದು ಕಪ್ಪು ಬಣ್ಣದ ಕಡಲ ಬೆಳ್ಳಕ್ಕಿ ಅಲೆಯ ನೊರೆಯ ಅಂಚಿನಲ್ಲಿ ಬೇಟೆಯಾಡುತ್ತಿರುತ್ತದೆ. ಅಲೆ ಹೊಡೆಯುವ ಬಂಡೆಗೆ ಇಳಿಯಬೇಡಿ, ಪಾಚಿ ಜಾರುತ್ತದೆ.

ಟೆಲಿಸ್ಕೋಪ್ ವಿಷಯ: ಇದ್ದರೆ ಒಳ್ಳೆಯದು, ಆದರೆ ಮೊದಲ ವರ್ಷಕ್ಕೆ ಬೇಡ. ಎಂಟು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಇದ್ದರೆ ಸಾಕು. ಹತ್ತು ಗಂಟೆ ಕಳೆದ ಮೇಲೆ ಬಿಸಿ ಮರಳಿನ ಮೇಲಿನ ಗಾಳಿ ನಡುಗುವಾಗ ಹೆಚ್ಚು ಹಿಗ್ಗಿಸಿದಷ್ಟೂ ಚಿತ್ರ ಕದಡುತ್ತದೆ. ಆ ಹಣದಲ್ಲಿ ಬಸ್ಸು ದೋಣಿಗಳಿಗೆ ಕೊಟ್ಟು ಅದೇ ಜಾಗಕ್ಕೆ ಹತ್ತು ಸಲ ಹೋಗಿ. ಈ ಅಮಾವಾಸ್ಯೆಗೆ ಒಮ್ಮೆ, ಮುಂದಿನ ಹುಣ್ಣಿಮೆಗೆ ಒಮ್ಮೆ. ರಾತ್ರಿ ಮನೆಯ ತಾರಸಿಯ ಮೇಲೆ ನಿಂತಾಗ ಕತ್ತಲಿನಲ್ಲಿ ಆರೇಳು ಚಿಕ್ಕ ಸಿಳ್ಳೆಗಳು ಒಂದೇ ಸಮನೆ ಕೇಳಿದರೆ, ಅದು ಊರ ಮೇಲೆ ಹಾದು ಹೋಗುತ್ತಿರುವ ವಿಂಬ್ರೆಲ್. ಆ ಹೊತ್ತಿನಲ್ಲಿ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ ಬರೆದಿಡಿ.